ಸಪ್ಪೆ ದ್ವೀಪದಲ್ಲಿ ನನ್ನ ರಜೆ

ಆ ದ್ವೀಪದಲ್ಲಿ ಬೆಂದದ್ದನ್ನು ದುಡ್ಡಿಗೆ ಮಾರಿದರೆ ರುಚಿ ಹೋಗುತ್ತದೆ. ಹಸಿ ಮೀನು ಮಾರಬಹುದು, ಅಕ್ಕಿ ಮಾರಬಹುದು, ಎಳನೀರು, ಬಾಳೆಹಣ್ಣು ಮಾರಬಹುದು. ಒಲೆ ಹತ್ತಿ ಇಳಿದದ್ದಕ್ಕೆ ಯಾರಾದರೂ ದುಡ್ಡು ಕೊಟ್ಟರೋ, ಅದು ಬಾಯಲ್ಲಿ ಒದ್ದೆ ರಟ್ಟು. ಅಲ್ಲಿನವರಿಗೆ ಇದು ವಿಚಿತ್ರವೇನಲ್ಲ. ಅವರು ಹೋಟೆಲ್ ಇಡುವುದಿಲ್ಲ, ಅಷ್ಟೆ.

ಈ ಸುದ್ದಿ ನಮ್ಮ ಊರಿನವರೆಗೂ ಬಂದಿತ್ತು. ಆದರೆ ಆ ದ್ವೀಪದ ರೆಸಾರ್ಟಿಗೆ ಹೋಗಿ ಬಂದವರೆಲ್ಲ ಊಟ ಬೊಂಬಾಟಾಗಿತ್ತು ಎಂದೇ ಹೇಳುತ್ತಿದ್ದರು. ಅಷ್ಟು ಖರ್ಚು ಮಾಡಿಕೊಂಡು ಹೋಗಿ ಬಾಳೆಹಣ್ಣು ತಿಂದು ಬಂದೆವು ಎಂದು ಯಾರು ತಾನೇ ಹೇಳಿಕೊಳ್ಳುತ್ತಾರೆ? ನಮ್ಮ ಬೀಗರು ಹೋಗಿ ಬಂದಿದ್ದರು. ಕೆಂಪಗೆ ಬೆಂದ ಏಡಿಯ ಮುಂದೆ ಕೂತು ತೆಗೆಸಿಕೊಂಡ ಫೋಟೋವನ್ನು ಚೌಕಟ್ಟು ಹಾಕಿಸಿ ಗೋಡೆಗೆ ಬಡಿದಿದ್ದರು. ಆ ಫೋಟೋ ನೋಡಿದ ದಿನದಿಂದ ನನ್ನ ಸೊಸೆ ನಿಸರ್ಗಳಿಗೆ ನಿದ್ದೆಯಿಲ್ಲ. ತವರಿನವರು ಹೋದ ಕಡೆಗೆ ಗಂಡನ ಮನೆಯವರು ಹೋಗದಿದ್ದರೆ ಹೇಗೆ?

ನಮ್ಮ ಮನೆಯಲ್ಲಿ ನಾವು ನಾಲ್ವರು. ನನ್ನ ಯಜಮಾನರು ಮರೀಗೌಡರದ್ದು ಶಾಮಿಯಾನ ಮತ್ತು ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಸುತ್ತಮುತ್ತ ಯಾರ ಮದುವೆ ಊಟ ಬೆಂದರೂ ಅದು ಇವರ ಹಂಡೆಯಲ್ಲೇ ಬೇಯಬೇಕು. ಮಗ ಲೋಹಿತ ಅದೇ ಅಂಗಡಿಯಲ್ಲಿ ಕುರ್ಚಿಗಳ ಉಸ್ತುವಾರಿ. ಇಷ್ಟು ಹಂಡೆ, ಕೊಪ್ಪರಿಗೆಗಳ ಒಡೆಯರಾದರೂ ಅಪ್ಪ ಮಗ ಇಬ್ಬರೂ ಒಂದು ದಿನವೂ ಹಾಲು ಕಾಯಿಸಿದವರಲ್ಲ. ಅದು ನನ್ನ ಇಲಾಖೆ.

ನಾವು ಪ್ರವಾಸ ಹೋಗಿಲ್ಲ ಎಂದಲ್ಲ. ದೇವಸ್ಥಾನ, ಜಲಪಾತ, ಅಣೆಕಟ್ಟು ಎಲ್ಲ ನೋಡಿದ್ದೇವೆ. ಅವರು ಹೋಗಿ ನೋಡಿದರು, ನಾನು ಛತ್ರದ ಹಿತ್ತಿಲಿನಲ್ಲಿ ಪಂಪ್ ಸ್ಟವ್ ಹಚ್ಚಿ ಚಿತ್ರಾನ್ನ ಕಲಸಿದೆ. ಜಲಪಾತದ ಸದ್ದು ಕೇಳಿದ್ದೇನೆ, ಚೆನ್ನಾಗಿತ್ತು. ಹಾಗಾಗಿ ಸೊಸೆ ಮೊಬೈಲ್ ಹಿಡಿದು ರೆಸಾರ್ಟು ಹುಡುಕಲು ಕೂತಾಗ ನಾನು ಒಂದೇ ಷರತ್ತು ಹಾಕಿದೆ. "ಮನೆ ಬಾಗಿಲು ಹಾಕಿದ ಮೇಲೆ ತೆಗೆಯೋವರೆಗೂ ನಾನು ಸೌಟು ಮುಟ್ಟಲ್ಲ. ಒಪ್ಪಿಗೆಯಿದ್ರೆ ಬರ್ತೀನಿ."

"ಅಯ್ಯೋ, ಅಲ್ಲಿ ಮೂರು ಹೊತ್ತೂ ಬಫೆ ಇರುತ್ತೆ ಅತ್ತೆ," ಎಂದಳು ನಿಸರ್ಗ. "ನೋಡಿ, ಎಲ್ರೂ ಐದು ಸ್ಟಾರ್ ಕೊಟ್ಟಿದಾರೆ. 'ವ್ಯೂ ಸೂಪರ್, ಈಜುಕೊಳ ಸೂಪರ್, ಊಟದ ಬಣ್ಣ ಸೂಪರ್' ಅಂತ ಬರ್ದಿದಾರೆ."

"ಊಟದ ಬಣ್ಣ ಅಂತ ಯಾಕೆ ಬರ್ದವ್ರೆ?" ಎಂದೆ.

"ನಿಂಗೆ ಎಲ್ಲದ್ರಲ್ಲೂ ಕೊಂಕು," ಎಂದರು ಯಜಮಾನರು. "ಸಪ್ಪೆ ಗಿಪ್ಪೆ ಎಲ್ಲಾ ಹೊಟ್ಟೆಕಿಚ್ಚಿನೋರು ಹಬ್ಸಿರೋದು. ನೀನು ಸೌಟು ಮುಟ್ಟೋದು ಬೇಡ ಕಣೇ. ಮಹಾರಾಣಿ ಥರ ಕೂತ್ಕೊ. ಮಾತು ಕೊಟ್ಟಿದೀನಿ."

ದೋಣಿಯಿಂದ ಇಳಿದ ಕೂಡಲೇ ರೆಸಾರ್ಟಿನವರು ಕೊರಳಿಗೆ ಕಪ್ಪೆಚಿಪ್ಪಿನ ಹಾರ ಹಾಕಿ ಕೈಗೆ ಎಳನೀರು ಕೊಟ್ಟರು. ಯಜಮಾನರು ಒಂದೇ ಗುಟುಕಿಗೆ ಕುಡಿದು ಜಗತ್ತನ್ನೇ ಗೆದ್ದವರಂತೆ ನನ್ನ ಕಡೆ ತಿರುಗಿದರು. "ನೋಡ್ದಾ? ಕಲ್ಲುಸಕ್ಕರೆ ಇದ್ದಂಗಿದೆ. ಸಪ್ಪೆಯಂತೆ ಸಪ್ಪೆ!" ಎಳನೀರನ್ನು ಯಾರೂ ಬೇಯಿಸಿರಲಿಲ್ಲ. ಮಧ್ಯಾಹ್ನದ ಊಟ ಹೇಗೂ ಬರುವುದಿತ್ತು.

ಬಫೆ ನೋಡಲು ನಿಜಕ್ಕೂ ಮದುವೆ ಮನೆಯನ್ನು ನಾಚಿಸುವಂತಿತ್ತು. ಹಳದಿ ಅನ್ನ, ಹಸಿರು ಪಲ್ಯ, ಕೆಂಪು ಸಾರು, ಕಲ್ಲಂಗಡಿಯಲ್ಲಿ ಕೆತ್ತಿದ ನವಿಲು. ಒಂದೊಂದು ಪಾತ್ರೆಯ ಮೇಲೂ ಬೆಳಕು ಬೀಳುವಂತೆ ದೀಪ. ಯಜಮಾನರು ತಟ್ಟೆ ತುಂಬ ಬಡಿಸಿಕೊಂಡು ಬಂದು ದೊಡ್ಡ ತುತ್ತು ಬಾಯಿಗಿಟ್ಟರು. ಅಗಿದರು. ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ಅಗಿದರು. ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಸಾರಿಗೆ ಬಗ್ಗಿಸಿ ಬೆರಳು ಅದ್ದಿ ನೆಕ್ಕಿದರು. ಉಪ್ಪೂ ಆ ಸಾರಿನೊಳಗೆ ಸತ್ತು ಹೋಗಿತ್ತು.

"ಹೆಂಗಿದೆ ಅಪ್ಪಾಜಿ?" ಎಂದ ಮಗ.

"ಚೆನ್ನಾಗಿದೆ," ಎಂದರು ಅವರು. "ಲೈಟಾಗಿದೆ."

ಮಗನೂ ಚೆನ್ನಾಗಿದೆ ಎಂದ. ಸೊಸೆ ಎರಡು ಸಲ ಎಂದಳು. ಸುತ್ತಲಿನ ಮೇಜುಗಳಲ್ಲೂ ಅದೇ ನಡೆದಿತ್ತು. ದಪ್ಪನೆಯ ಒಬ್ಬರು ಸೀಗಡಿಯನ್ನು ಮೊಬೈಲಿಗೆ ತೋರಿಸಿ ಆಹಾ ಎಂದು ಕಣ್ಣು ಮುಚ್ಚುತ್ತಿದ್ದರು. ಮೊಬೈಲ್ ಇಟ್ಟ ಮೇಲೆ ಸೀಗಡಿಯನ್ನು ಪಕ್ಕಕ್ಕೆ ಸರಿಸಿ ಜೇಬಿನಿಂದ ಬಾಳೆಹಣ್ಣು ತೆಗೆದರು. ರೆಸಾರ್ಟಿನ ಮ್ಯಾನೇಜರು ಮೇಜಿಂದ ಮೇಜಿಗೆ ಬಂದು, "ಹೇಗುಂಟು ಸರ್, ಬೆಳಕು ಸರಿಯಾಗಿ ಬೀಳ್ತದಾ?" ಎಂದು ವಿಚಾರಿಸುತ್ತಿದ್ದರು.

"ನಿಮ್ಮದು ಊಟ ಎಲ್ಲಿ?" ಎಂದು ಕೇಳಿದೆ.

"ನಾನು ಮನೆಗೆ ಹೋಗಿ ಉಣ್ತೇನೆ ಅಮ್ಮ," ಎಂದರು ಆ ಪುಣ್ಯಾತ್ಮರು, ಸ್ವಲ್ಪವೂ ಸಂಕೋಚವಿಲ್ಲದೆ.

ರೂಮಿಗೆ ಬಂದ ಮೇಲೆ ಮೂವರೂ ಸಮುದ್ರಕ್ಕೆ ಬೆನ್ನು ಹಾಕಿ ನನ್ನನ್ನು ನೋಡುತ್ತ ಕೂತರು. ಅಂಥ ದೊಡ್ಡ ಸಮುದ್ರ ಕಿಟಕಿಯಲ್ಲಿ ಕುಣಿಯುತ್ತಿದ್ದರೂ ಇವರಿಗೆ ನಾನೇ ನೋಟ. ಕೊನೆಗೆ ಯಜಮಾನರು ತಮ್ಮ ಪೆಟ್ಟಿಗೆ ತೆರೆದು, ಪಂಚೆಯಲ್ಲಿ ಸುತ್ತಿಟ್ಟಿದ್ದ ಸಣ್ಣ ಕುಕ್ಕರು, ಕರೆಂಟ್ ಒಲೆ, ಒಂದು ಚೀಲ ಅಕ್ಕಿ ಹೊರಗೆ ತೆಗೆದರು. ನಾನೇ ಮಾಡಿದ್ದ ಸಾರಿನ ಪುಡಿಯೂ ಇತ್ತು. "ಇರ್ಲಿ ಅಂತ ಹಾಕ್ಕೊಂಡಿದ್ದೆ," ಎಂದರು ಗೋಡೆ ನೋಡುತ್ತ. "ನಾವೇ ಮಾಡ್ಕೊಂಡ್ರೆ ಅದು ಮಾರಿದ್ದು ಅಲ್ವಲ್ಲ."

"ಮಾಡ್ಕೊಳ್ಳಿ ಮತ್ತೆ," ಎಂದೆ. "ಅಕ್ಕಿ ಇದೆ, ನೀರಿದೆ, ಮೂರು ಜನಕ್ಕೂ ಕೈ ಇದೆ."

"ಅವ್ವ, ಬರೀ ಅನ್ನ ಸಾರು..." ಎಂದ ಲೋಹಿತ, ಬರೀ ಅನ್ನ ಸಾರು ಮರದಲ್ಲಿ ಬಿಡುತ್ತದೆ ಎಂಬಂತೆ.

"ನಂಗೆ ಬರಲ್ಲ ಅತ್ತೆ, ನಿಮ್ಗೇ ಗೊತ್ತು," ಎಂದಳು ನಿಸರ್ಗ. ಗೊತ್ತು. ಕಲಿಯದಿದ್ದರೆ ಮಾಡಬೇಕಾಗುವುದಿಲ್ಲ ಎಂಬ ಜಾಣತನ ನನಗೆ ಆ ವಯಸ್ಸಿನಲ್ಲಿ ಹೊಳೆದಿರಲಿಲ್ಲ. ಅವಳನ್ನು ಬೈಯಲು ನನಗೆ ಮನಸ್ಸೂ ಬರುವುದಿಲ್ಲ.

ನಾನು ಚಪ್ಪಲಿ ಮೆಟ್ಟಿಕೊಂಡೆ. ಈ ದ್ವೀಪದಲ್ಲಿ ಮನುಷ್ಯರಿದ್ದಾರೆ, ಅವರು ಉಣ್ಣುತ್ತಾರೆ, ಎಲ್ಲೋ ಒಲೆ ಉರಿಯುತ್ತಿದೆ. ಅದನ್ನು ನಾನು ಹಚ್ಚಬೇಕಾಗಿಲ್ಲ ಎನ್ನುವುದೇ ದೊಡ್ಡ ಮಾತು. ಗೇಟಿನಲ್ಲಿ ಮ್ಯಾನೇಜರನ್ನು ಕೇಳಿದೆ. "ಊರೊಳಗೆ ಹೋಗಿ ಅಮ್ಮ," ಎಂದರು. "ಮನೆಯವರೇ ಕೇಳ್ತಾರೆ. ನೀವು ಸರಿಯಾಗಿ ಉತ್ತರ ಕೊಟ್ರೆ ಆಯ್ತು." ಹಿಂದೆ ತಿರುಗಿ ನೋಡಿದರೆ ಮೂವರೂ ಬರುತ್ತಿದ್ದರು. ಲೋಹಿತ ಮೊಬೈಲಿನಲ್ಲಿ ಹತ್ತಿರದ ಊಟದ ಜಾಗ ಹುಡುಕುತ್ತಿದ್ದ. ಮೊಬೈಲಿನ ನಕ್ಷೆಯಲ್ಲಿ ನಾವು ನೀರಿನ ಮೇಲೆ ನಿಂತಿದ್ದೆವು.

ಊರೆಂದರೆ ಮರಳಿನ ಒಂದು ಬೀದಿ, ಎರಡೂ ಕಡೆ ಹಂಚಿನ ಮನೆಗಳು. ಮೊದಲನೆಯ ಮನೆಯ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಮುದುಕಿ ತಲೆಯೆತ್ತಿ, "ಊಟ ಆಯ್ತಾ?" ಎಂದಳು.

"ಆಯ್ತಾಯ್ತು! ನಿಮ್ದಾಯ್ತಾ?" ಎಂದರು ಯಜಮಾನರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೇಳಿಯೇಬಿಟ್ಟರು. ನಮ್ಮ ಊರಿನಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವಿಲ್ಲ. ಮೂರು ದಿನದ ಉಪವಾಸದಲ್ಲಿದ್ದರೂ ಆಯ್ತು ಎನ್ನಬೇಕು. ಆಮೇಲೆ ಅವರು ಒತ್ತಾಯ ಮಾಡಬೇಕು, ನಾವು ಬೇಡ ಎನ್ನಬೇಕು, ಅವರು ಕೈ ಹಿಡಿದು ಎಳೆಯಬೇಕು, ನಾವು ಬೈದುಕೊಂಡೇ ಕೂರಬೇಕು. ಆ ಮುದುಕಿ ಮಾತ್ರ, "ನಂದೂ ಆಯ್ತು," ಎಂದು ಬಲೆಗೆ ಬಗ್ಗಿದಳು.

ಎರಡನೆಯ ಮನೆಯವರು ಕೇಳಿದಾಗ ನಿಸರ್ಗ ನಾಚಿಕೊಂಡು, "ಇಲ್ಲ, ಪರ್ವಾಗಿಲ್ಲ ಆಂಟಿ," ಎಂದಳು. "ಪರವಾಗಿಲ್ಲ ಅಂದ್ರೆ ಒಳ್ಳೇದೇ ಆಯ್ತು ಮಗಾ," ಎಂದು ಆ ಹೆಂಗಸು ಒಳಗೆ ಹೋದಳು. ಒಳಗಿನಿಂದ ಹುರಿದ ಮೀನಿನ ವಾಸನೆ ಬಂದು ನಮ್ಮನ್ನು ಬೀದಿಯ ಕೊನೆಯವರೆಗೂ ಬೈಯುತ್ತ ಬಂತು. ಮೂರನೆಯ ಮನೆಯಲ್ಲಿ ಲೋಹಿತ, "ಈಗಷ್ಟೇ ಆಯ್ತು," ಎಂದು ಹೊಟ್ಟೆಯನ್ನು ಬೇರೆ ಸವರಿಕೊಂಡ.

"ಇದೇನ್ ಜನಾನಪ್ಪ!" ಎಂದು ಯಜಮಾನರು ಸಿಡುಕಿದರು. "ಒಂದ್ ಮಾತು ಬಲವಂತ ಮಾಡಕ್ಕೆ ಬರಲ್ಲ. ಸಂಸ್ಕಾರ ಇಲ್ಲ."

"ನೀವು ಆಯ್ತು ಅಂದ್ರಿ. ಅವರು ನಂಬಿದರು," ಎಂದೆ.

ಬೀದಿಯ ಕೊನೆಯ ಮನೆಯ ಮುಂದೆ ಒಬ್ಬ ಹೆಂಗಸು ಮೀನಿನ ಪಾತ್ರೆ ತೊಳೆಯುತ್ತಿದ್ದಳು. ನನ್ನದೇ ವಯಸ್ಸು, ನನಗಿಂತ ದಪ್ಪ ತೋಳು. ಹೆಸರು ಮಾಸ್ತಕ್ಕ ಎಂದು ಆಮೇಲೆ ಗೊತ್ತಾಯಿತು. "ಊಟ ಆಯ್ತಾ?" ಎಂದಳು. ಈ ಸಲ ನಾನು ಎಲ್ಲರ ಮುಂದೆ ಹೋಗಿ ನಿಂತಿದ್ದೆ. ಆದರೂ ಗಂಟಲಿನಲ್ಲಿ ಹಳೆಯ ಮಾತೇ ಮೊದಲು ಬಂತು. ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ನಾನು, ನಿಮ್ಮದೆಲ್ಲ ಆಗಲಿ, ಎಂದೇ ಹೇಳಿದವಳು. ಅದನ್ನು ನುಂಗಿಕೊಂಡೆ.

"ಇಲ್ಲ," ಎಂದೆ. "ಹಸಿವಾಗ್ತಿದೆ."

"ಮತ್ತೆ ಎಂತ ನಿಂತದ್ದು? ಬನ್ನಿ ಅಕ್ಕ," ಎಂದಳು. ಹಿಂದಿದ್ದವರ ಕಡೆಗೆ ನೋಡಿ, "ನಿಮ್ಮದು?" ಎಂದಳು.

"ನಮ್ದೆಲ್ಲ ಆಗಿದೆ, ಇವ್ಳಿಗೆ ಹಾಕಿ ಸಾಕು," ಎಂದರು ಯಜಮಾನರು, ಗತ್ತಿನಿಂದ. ಮಗ, ಸೊಸೆ ಅವರನ್ನು ಕೊಲ್ಲುವಂತೆ ನೋಡಿದರು.

ಹೀಗೆ ಮೂವರು ಜಗಲಿಯ ಮೇಲೆ ಕೂತು ನಾನು ಉಣ್ಣುವುದನ್ನು ನೋಡಿದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಎಲೆಯ ಮೂಲೆಗೆ ಮಾವಿನ ಮಿಡಿ. ಅನ್ನದಿಂದ ಹಬೆ ಏಳುತ್ತಿತ್ತು. ನಾನು ಉಣ್ಣುವ ಹೊತ್ತಿಗೆ ಬಿಸಿ ಇರುವ ಅನ್ನ ನೋಡಿ ಎಷ್ಟು ಕಾಲವಾಗಿತ್ತೋ. ಮೀನು ಎಷ್ಟು ಹೊತ್ತಿಗೆ ಸಾರಿಗೆ ಬಿದ್ದಿತು, ಹುಣಸೆ ಹಳೆಯದೋ ಹೊಸದೋ ಎಂದು ನಾಲಿಗೆ ಲೆಕ್ಕ ಹಾಕಲು ಹೊರಟಿತು. ಅದಕ್ಕೆ ಸುಮ್ಮನಿರು ಎಂದೆ. ಮುಗಿದ ಕೂಡಲೇ ಅಭ್ಯಾಸಬಲದಿಂದ ಬಡಿಸುವ ಪಾತ್ರೆ ಎತ್ತಿಡಲು ಎದ್ದೆ.

"ಕೂತ್ಕೊಳ್ಳಿ ಮಾರಾಯ್ತಿ," ಎಂದು ಮಾಸ್ತಕ್ಕ ಗದರಿದಳು. "ಉಂಡ ಅನ್ನ ಹೊಟ್ಟೆಗೆ ಇಳೀಲಿ. ಪಾತ್ರೆಗೆ ಕಾಲಿಲ್ಲ, ಎಲ್ಲಿಗೂ ಹೋಗುದಿಲ್ಲ."

ಮರುದಿನ ಇವರೂ ಜಾಣರಾದರು. ಮಾಸ್ತಕ್ಕ ಕೇಳುವ ಮೊದಲೇ ಮಗ, ಸೊಸೆ ಬಾಗಿಲಲ್ಲಿ ನಿಂತು, "ಆಗಿಲ್ಲ, ಆಗಿಲ್ಲ," ಎಂದರು. ಯಜಮಾನರು ಬಾಯಿಬಿಟ್ಟು ಹೇಳಲಿಲ್ಲ. ತಲೆಯನ್ನು ಹೇಗೋ ಆಡಿಸಿದರು, ಅದನ್ನು ಅವಳು ಇಲ್ಲ ಎಂದು ತಿಳಿದುಕೊಂಡಳು. ಮೊದಲ ಸಲ ಬಡಿಸಿದ ಮೇಲೆ ಅವರು ಮದುವೆ ಮನೆಯ ಅಭ್ಯಾಸದಂತೆ ಎಲೆಗೆ ಕೈ ಅಡ್ಡ ಹಿಡಿದು, "ಸಾಕು, ಸಾಕು, ಬೇಡಾ," ಎಂದರು. ನಮ್ಮ ಕಡೆ ಹಾಗೆಂದರೆ ಬೆರಳ ಸಂದಿಯಲ್ಲಿ ಇನ್ನೆರಡು ತುಂಡು ಹಾಕಿ ಎಂದು ಅರ್ಥ. ಮಾಸ್ತಕ್ಕ ಸೌಟನ್ನು ಪಕ್ಕದ ಎಲೆಗೆ ತಿರುಗಿಸಿದಳು, ಮತ್ತೆ ಇವರ ಕಡೆಗೆ ಬರಲೇ ಇಲ್ಲ. ಅವರ ಮುಖ ನೋಡಿ ನಾನು ಬಾಯಿಗೆ ಸೆರಗು ಹಿಡಿದೆ.

ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಹೇಳುವ ಅಗತ್ಯವಿರಲಿಲ್ಲ. ಯಜಮಾನರಿಗೆ ಇನ್ನೊಂದು ಕಾಯಿಲೆಯಿದೆ. ಯಾರ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದರೂ ಕೈ ಜೇಬಿಗೆ ಹೋಗಬೇಕು. ಪುಕ್ಕಟೆ ಉಂಡ ಎಂದು ನಾಳೆ ಯಾರೂ ಆಡಬಾರದು. ಮಾಸ್ತಕ್ಕ ನೀರು ತರಲು ಹಿತ್ತಿಲಿಗೆ ಹೋದಾಗ ಅವರು ಒಂದು ನೋಟನ್ನು ಮಡಚಿ ಸಾರಿನ ಮಡಕೆಯ ಅಡಿಗೆ ತಳ್ಳಿದರು. ನಾನು ನೋಡಿದೆ, ಕೂಗುವಷ್ಟರಲ್ಲಿ ಮುಗಿದಿತ್ತು. ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ಸಪ್ಪಗಾಯಿತು. ದೀಪ ಆರಿದ ಹಾಗೆ, ಒಂದೇ ಸಲಕ್ಕೆ. ನಿಸರ್ಗ ಅರ್ಧ ತಿಂದ ಮೀನನ್ನು ಕೈಯಲ್ಲಿ ಹಿಡಿದು, ಅದು ಸತ್ತದ್ದು ಈಗ ಗೊತ್ತಾಯಿತು ಎಂಬಂತೆ ನೋಡಿದಳು.

ಅದೇ ಹೊತ್ತಿಗೆ ಮಾಸ್ತಕ್ಕನ ಗಂಡ ಮತ್ತು ಮೈದುನ ಕಡಲಿನಿಂದ ಬಂದರು. ಬೆಳಗಾಗುವ ಮೊದಲೇ ದೋಣಿ ಹತ್ತಿದವರು, ಮೈಮೇಲೆ ಉಪ್ಪು ಬಿಳಿಯಾಗಿ ಒಣಗಿತ್ತು. ನೀರು ತಂದಿಟ್ಟ ಮಾಸ್ತಕ್ಕ ಅವರಿಗೂ ಬಡಿಸಿದಳು. ಎಲೆಯ ಮುಂದೆ ಕೂತು, ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರು. ಇಬ್ಬರೂ ಕೈ ನಿಲ್ಲಿಸಿ ಮಾಸ್ತಕ್ಕನನ್ನು ನೋಡಿದರು.

"ಎಂತ ಮಾರಾಯ್ತಿ ಇದು," ಎಂದ ಗಂಡ, ಮೆಲ್ಲಗೆ. "ಮಾರಿದ್ದೀಯಾ?"

ಮಾಸ್ತಕ್ಕ ಮಡಕೆ ಎತ್ತಿ ನೋಟು ತೆಗೆದಳು. ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದಿದ್ದಳು. "ಯಾರು ಇಟ್ಟದ್ದು?"

"ಒಂದು ಮರ್ಯಾದೆಗೆ ಅಂತ..." ಎಂದರು ಯಜಮಾನರು.

"ನಿಮ್ಮ ಮರ್ಯಾದೆಗೆ ನನ್ನ ಸಾರು ಹೋಯ್ತಲ್ಲ! ಬೆಳಿಗ್ಗೆಯಿಂದ ಅರೆದದ್ದು ನಾನು, ಮಾರಿದ್ದು ನೀವಾ? ಇವ್ರಿಗೆ ಈಗ ಎಂತ ಹಾಕುದು, ಈ ಕಾಗದವಾ?"

ಯಜಮಾನರ ಮುಖ ಬಿಳಚಿಕೊಂಡಿತು. ಕೆಟ್ಟವರಲ್ಲ ಅವರು. ಕಡಲಿನಿಂದ ಬಂದ ಇಬ್ಬರು ಗಂಡಸರು ಹಸಿದು ಕೂತದ್ದನ್ನು ನೋಡಿ ನಿಜವಾಗಿಯೂ ಸಂಕಟಪಟ್ಟರು. ಸಂಕಟವಾದಾಗ ಅವರು ಯಾವಾಗಲೂ ಏನು ಮಾಡುತ್ತಾರೋ ಅದನ್ನೇ ಮಾಡಿದರು. ನನ್ನ ಕಡೆಗೆ ತಿರುಗಿದರು.

"ಏಳು ದೇವೀರಿ, ಏಳು. ಒಂದ್ ಸಾರು ಮಾಡ್ಹಾಕು, ಬೇಗ. ನಮ್ಮೋಳ ಕೈರುಚಿ ನೋಡಿ ನೀವು, ಎಲ್ಲಾ ಮರ್ತುಬಿಡ್ತೀರಿ."

ಎಲ್ಲರೂ ನನ್ನನ್ನು ನೋಡಿದರು. ನನ್ನ ಕೈ ತಾನಾಗಿಯೇ ಸೆರಗು ಸಿಕ್ಕಿಸಲು ಹೋಯಿತು. ಅದನ್ನು ಹಿಡಿದು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಸುಲಭವಾಗಿರಲಿಲ್ಲ. ಆ ಇಬ್ಬರು ಹಸಿದು ಕೂತಿದ್ದರು, ನಾನು ಎದ್ದಿದ್ದರೆ ಸಾರು ಬೇಗ ಆಗುತ್ತಿತ್ತು, ಚೆನ್ನಾಗಿಯೂ ಆಗುತ್ತಿತ್ತು. ಆದರೆ ಇಲ್ಲಿ ಎದ್ದರೆ ಇನ್ನು ಎಲ್ಲಿ ಹೋದರೂ ಏಳಬೇಕು ಎಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ನೋಟು ನೀವು ಇಟ್ಟದ್ದಾ ಅಕ್ಕ?" ಎಂದಳು ಮಾಸ್ತಕ್ಕ.

"ನಾನಲ್ಲ."

"ಮತ್ತೆ ನೀವು ಯಾಕೆ ಏಳುದು?"

"ಅದನ್ನೇ ಯೋಚಿಸ್ತಿದೀನಿ," ಎಂದೆ. "ರೀ, ಮಾತು ಕೊಟ್ಟಿದ್ರಿ. ನಾನು ಸೌಟು ಮುಟ್ಟಲ್ಲ. ಕೆಡ್ಸಿದ್ದು ನೀವು, ನೀವೇ ಮಾಡಿ."

"ನಾನಾ?" ಎಂದರು. ಸುತ್ತಲೂ ನೋಡಿದರು. ಮಗ ಛಾವಣಿಯ ಹಂಚು ಎಣಿಸುತ್ತಿದ್ದ. "ನಂಗೆ ಎಲ್ಲಿ ಬರುತ್ತೆ ಕಣೇ?"

"ಇಷ್ಟು ಹಂಡೆ ಬಾಡಿಗೆ ಕೊಟ್ಟಿದೀರಿ. ಒಳಗೆ ಏನು ಹಾಕ್ತಾರೆ ಅಂತ ಒಂದಿನಾನಾದ್ರೂ ಬಗ್ಗಿ ನೋಡಿರ್ತೀರಿ."

ಮಾಸ್ತಕ್ಕನ ಮೈದುನ ಮೊದಲು ನಕ್ಕ. ಆಮೇಲೆ ಅವಳ ಗಂಡ, "ಮಾಡ್ಲಿ, ಮಾಡ್ಲಿ. ನಾವು ಕಾಯ್ತೇವೆ," ಎಂದು ಗೋಡೆಗೆ ಒರಗಿದ. ಕಾಯುತ್ತೇವೆ ಎಂದ ಮೇಲೆ ಓಡಿಹೋಗಲು ದಾರಿ ಇರಲಿಲ್ಲ. ಯಜಮಾನರು ಅಂಗಿ ಬಿಚ್ಚಿ, ಪಂಚೆ ಎತ್ತಿ ಕಟ್ಟಿ ಅರೆಯುವ ಕಲ್ಲಿನ ಮುಂದೆ ಕೂತರು. ಲೋಹಿತನನ್ನು ತುರಿಮಣೆಯ ಮೇಲೆ ಕೂರಿಸಿದರು. ಅವನು ತೆಂಗಿನಕಾಯಿಯ ಜೊತೆ ಬೆರಳಿನ ಚರ್ಮವನ್ನೂ ಸ್ವಲ್ಪ ತುರಿದ. ನಿಸರ್ಗ ನಗುತ್ತ ನಿಂತಿದ್ದಳು. "ನಗೋದೆಲ್ಲ ಆಮೇಲೆ, ಹುಣಸೆ ಕಿವುಚು ಬಾ," ಎಂದು ಮಾವ ಗದರಿದಾಗ ಅವಳೂ ಕೂತಳು. ಮಾಸ್ತಕ್ಕ ನನ್ನ ಪಕ್ಕ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಂಡು ಆಟ ನೋಡಿದಳು.

"ಮೆಣಸು ಅರೀತಾರಾ, ಕಲ್ಲಿಗೆ ಮಾಲೀಸು ಮಾಡ್ತಾರಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು, ಇಡೀ ಮನೆಗೆ ಕೇಳುವಂತೆ.

"ಎಷ್ಟು ನುಣ್ಣಗಾಗ್ಬೇಕು?" ಎಂದು ಯಜಮಾನರು ಬೆವರೊರೆಸಿಕೊಂಡರು. ಒರೆಸಿದ ಕೈಯಲ್ಲಿ ಮೆಣಸಿತ್ತು. ಕಣ್ಣುರಿ ತಾಳಲಾರದೆ ಹಿತ್ತಿಲಿಗೆ ಓಡಿ ಬಾವಿಕಟ್ಟೆಯಲ್ಲಿ ಮುಖ ತೊಳೆದು ಬಂದರು. ಬಂದು ಮತ್ತೆ ಕೂತರು. ನಾನು ಅದನ್ನು ಗಮನಿಸಿದೆ. ಓಡಿದವರು ತಾವಾಗಿ ಬಂದು ಅದೇ ಕಲ್ಲಿನ ಮುಂದೆ ಕೂತರು. ಉಪ್ಪು ಎಷ್ಟೆಂದು ನನ್ನನ್ನು ಕೇಳಿದರು. ನಾನು ಸಮುದ್ರದ ಕಡೆ ನೋಡುತ್ತಿದ್ದೆ. ಚೆನ್ನಾಗಿತ್ತು ಸಮುದ್ರ. ಅಲೆ ಬಂದು ಒಡೆಯುವುದನ್ನು ನಡುವೆ ಎದ್ದು ಹೋಗದೆ ನೋಡಿದ್ದು ನಾನು ಅದೇ ಮೊದಲು.

ಕೊನೆಗೆ ಸಾರು ಕುದಿಯಿತು. ಬಣ್ಣ ಬೂದಿಯ ಹಾಗೆ, ಮೀನು ಮುರಿದು ಮುಳ್ಳು ಮೇಲೆ ತೇಲುತ್ತಿತ್ತು. ರೆಸಾರ್ಟಿನವರು ಅದರ ಮೇಲೆ ದೀಪ ಬಿಡಲು ಖಂಡಿತ ಒಪ್ಪುತ್ತಿರಲಿಲ್ಲ. ಯಜಮಾನರು ಮಡಕೆ ಇಳಿಸಿ ಇಬ್ಬರು ಗಂಡಸರಿಗೆ ಬಡಿಸಿದರು. ಬಡಿಸಿ ಅಲ್ಲೇ ಬಗ್ಗಿ ನಿಂತು ಅವರ ಬಾಯನ್ನೇ ನೋಡಿದರು. ನಾನು ನಿಂತು ನಿಂತು ಸವೆದ ಭಂಗಿ ಅದು.

"ಉಪ್ಪು ಕಡಲಿನಷ್ಟೇ ಉಂಟು," ಎಂದ ಮಾಸ್ತಕ್ಕನ ಗಂಡ. ಆದರೆ ಕೈ ನಿಲ್ಲಲಿಲ್ಲ.

"ಮೆಣಸು ಅರೆದೇ ಇಲ್ಲ," ಎಂದ ಮೈದುನ, ಅನ್ನ ಹಾಕಿಸಿಕೊಳ್ಳುತ್ತ.

ಅವರು ಉಂಡು ಎದ್ದ ಮೇಲೆ ಯಜಮಾನರು ನನ್ನ ಮುಂದೆ ಎಲೆ ಹಾಕಿದರು. ಅನ್ನ ಬಡಿಸಿದರು, ಸಾರು ಬಡಿಸಿದರು. ಸಾರು ಎಲೆಯಿಂದ ಆಚೆ ಹರಿದು ನನ್ನ ಸೀರೆಯ ಅಂಚು ನೆನೆಯಿತು. ಕಣ್ಣು ಇನ್ನೂ ಕೆಂಪಗಿತ್ತು, ಉಗುರಿನ ಸಂದಿಯಲ್ಲೆಲ್ಲ ಮೆಣಸು.

"ಹೆಂಗಿದೆ?" ಎಂದರು. ಧ್ವನಿ ಸಣ್ಣಗಿತ್ತು.

ನಾನು ತುತ್ತು ಕಲಸಿ ಬಾಯಿಗಿಟ್ಟುಕೊಂಡೆ. ನಿಧಾನವಾಗಿ ಅಗಿದೆ. ಸಾರು ಹೇಗಿದೆ ಎಂದು ನಮ್ಮ ಮನೆಯಲ್ಲಿ ಯಾರೂ ನನಗೆ ನೇರವಾಗಿ ಹೇಳಿದ್ದಿಲ್ಲ, ಅವರಿಗೂ ಯಾರೂ ನಿಜ ಹೇಳಿದ್ದಿಲ್ಲ. ಆದ್ದರಿಂದ ಸುಳ್ಳು ಹೇಳಲಿಲ್ಲ.

"ಉಪ್ಪು ಜಾಸ್ತಿ, ಹುಳಿ ಕಮ್ಮಿ, ಮೀನು ಬೇಗ ಹಾಕಿದೀರಿ," ಎಂದೆ. "ನಾಳೆ ಸರಿ ಮಾಡಿ."

"ನಾಳೇನಾ?" ಎಂದರು ಅವರು.

"ಹೂಂ," ಎಂದು ಎಲೆಯನ್ನು ಮುಂದಕ್ಕೆ ಸರಿಸಿದೆ. "ಇನ್ನೊಂದು ಸೌಟು ಹಾಕಿ."